ಓರೆ ಕಚ್ಚಿನ ಕಡ್ಡಿಗಳು

ಆ ನರ್ಸರಿಯಲ್ಲಿ ದ್ರಾಕ್ಷಿ ಕಡ್ಡಿಯ ತಲೆ ಯಾವುದು, ಬುಡ ಯಾವುದು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಓರೆಯಾಗಿ ಕತ್ತರಿಸಿದ ತುದಿ ಮೇಲಕ್ಕೆ, ನೇರವಾಗಿ ಕತ್ತರಿಸಿದ್ದು ಮಣ್ಣಿಗೆ. ದೊಡ್ಡಮ್ಮ ಕತ್ತರಿ ಹಿಡಿದ ಕಾಲದಿಂದ ಇದೇ ಪದ್ಧತಿ. ಮೇಲಿನ ತುದಿ ಓರೆಯಾಗಿದ್ದರೆ ತುಂತುರು ನೀರು ನಿಲ್ಲದೆ ಜಾರಿಹೋಗುತ್ತದೆ, ಕಡ್ಡಿ ಕೊಳೆಯುವುದಿಲ್ಲ ಎನ್ನುವುದು ಅವಳ ಲೆಕ್ಕ. ಎಲೆ ಉದುರಿದ ಬಳ್ಳಿಯಿಂದ ಗೇಣುದ್ದದ ಕಡ್ಡಿ ಕತ್ತರಿಸುವುದು, ಓರೆ ತುದಿಗಳೆಲ್ಲ ಒಂದೇ ಕಡೆ ಬರುವಂತೆ ಕಟ್ಟು ಕಟ್ಟುವುದು, ಇನ್ನೊಂದು ಕಡೆಯನ್ನು ಬೇರು ಬರಿಸುವ ಔಷಧಿಯಲ್ಲಿ ಅದ್ದಿ ತೆಗೆಯುವುದು, ಮಣ್ಣು ತುಂಬಿದ ಚೀಲಗಳಿಗೆ ಚುಚ್ಚುವುದು. ಇಷ್ಟನ್ನೂ ಅವಳು ಮಾತಾಡುತ್ತಲೇ, ಎಷ್ಟೋ ಸಲ ಕಡ್ಡಿಯ ಕಡೆ ನೋಡದೆಯೇ ಮಾಡಿ ಮುಗಿಸುತ್ತಿದ್ದಳು. ಹೆಬ್ಬೆರಳು ಓರೆ ತುದಿಯನ್ನು ಹುಡುಕಿಕೊಳ್ಳುತ್ತಿತ್ತು. ಉಳಿದದ್ದು ಕೈಗೆ ಗೊತ್ತಿತ್ತು.

ಗುಬ್ಬಿ ಅವಳ ತಂಗಿಯ ಮಗಳು. ನಿಜವಾದ ಹೆಸರು ಶಾಲೆಯ ಹಾಜರಿಗಷ್ಟೇ ಬೇಕಾಗಿತ್ತು. ಸಣ್ಣ ಸದ್ದಿಗೂ ಬೆಚ್ಚುವ, ಕೂತಲ್ಲಿ ಕೂರದ ಹುಡುಗಿಗೆ ಮನೆಯವರು ಇಟ್ಟ ಹೆಸರೇ ಅವಳು ಮೂವತ್ತು ದಾಟಿದ ಮೇಲೂ ಉಳಿದುಕೊಂಡಿತ್ತು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ದೊಡ್ಡಮ್ಮ. ಚಿಲಕ ಹಾಕಿದ ಬಾಗಿಲನ್ನೇ ಮತ್ತೆ ಹೋಗಿ ತಳ್ಳಿ ನೋಡುವುದು, ಮುಚ್ಚಿದ ನಲ್ಲಿಯ ಕೆಳಗೆ ಕೈಯೊಡ್ಡಿ ಹನಿ ಬೀಳುತ್ತಿಲ್ಲವಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಗುಬ್ಬಿಯ ಅಭ್ಯಾಸ. ದೊಡ್ಡಮ್ಮನ ಮಗ, ಅವಳಿಗೆ ಅಣ್ಣ, ನರ್ಸರಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ. ಗುಬ್ಬಿ ತೋಟಗಾರಿಕೆಯ ಸಂಜೆ ತರಗತಿಗೆ ಸೇರಿದ ದಿನದಿಂದ ಅವನ ಬಾಯಲ್ಲಿ ಅವಳು ‘ಪ್ರೊಫೆಸರಮ್ಮ’.

ತರಗತಿ ನಡೆಯುತ್ತಿದ್ದುದು ಒಂದು ಪ್ರಾಥಮಿಕ ಶಾಲೆಯಲ್ಲಿ. ಹಗಲು ಮಕ್ಕಳು ಕೂರುವ ಗಿಡ್ಡ ಬೆಂಚುಗಳಲ್ಲಿ ಸಂಜೆ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂರಬೇಕಿತ್ತು. ಮೇಷ್ಟ್ರು ಗಿಡಗಳ ಹಾರ್ಮೋನುಗಳ ಪಾಠ ಶುರುಮಾಡಿದಾಗ ಗುಬ್ಬಿಗೆ ಕಣ್ಣೆದುರಿನ ನರ್ಸರಿಯೇ ಹೊಸದಾಗಿ ಕಂಡಿತು. ಅಣ್ಣ ಡಬ್ಬಿಯಲ್ಲಿ ತರುತ್ತಿದ್ದ ಬೇರಿನ ಔಷಧಿ ಆಕ್ಸಿನ್ ಜಾತಿಯದಂತೆ. ಅಂಥದ್ದನ್ನೇ ಗಿಡ ತನ್ನ ಚಿಗುರಿನ ತುದಿಯಲ್ಲಿ ತಾನೇ ತಯಾರಿಸಿಕೊಳ್ಳುತ್ತದಂತೆ. ತೋಟದವರು ದ್ರಾಕ್ಷಿ ಗೊಂಚಲಿಗೆ ಹೊಡೆಯುವ ಜಿಬ್ಬರೆಲಿನ್ ಕಾಳನ್ನು ದಪ್ಪ ಮಾಡುತ್ತದೆ. ಎಥಿಲೀನ್ ಎನ್ನುವುದು ಬರೀ ಗಾಳಿ, ಒಂದು ಹಣ್ಣಿನಿಂದ ಹೊರಟು ಇಡೀ ಬುಟ್ಟಿಯನ್ನು ಮಾಗಿಸಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಮಾಣ ಎಂದು ಮೇಷ್ಟ್ರು ಪದೇಪದೇ ಹೇಳುತ್ತಿದ್ದರು. ಬೇರು ಬರಿಸುವ ಆಕ್ಸಿನ್ ಹೆಚ್ಚಾದರೆ ಅದೇ ಗಿಡವನ್ನು ಸುಡುತ್ತದೆ, ಕಳೆನಾಶಕಗಳಲ್ಲಿ ಕೆಲವು ಆ ಜಾತಿಯವೇ.

“ಹಾರ್ಮೋನ್ ಅಂದ್ರೆ ಮನೆಗೆ ಬಂದ ನೆಂಟ ಇದ್ದ ಹಾಗೆ,” ಎಂದಿದ್ದರು. “ಒಂದು ದಿನ ಇದ್ರೆ ಸಂಭ್ರಮ, ತಿಂಗಳು ಇದ್ರೆ ಮನೆಯವರೇ ಮನೆ ಬಿಡಬೇಕು.”

ಆ ಪಾಠದಲ್ಲೇ ಕಡ್ಡಿಯ ಮಾತು ಬಂತು. ಬುಡವನ್ನು ಓರೆಯಾಗಿ ಕತ್ತರಿಸಿದರೆ ಗಾಯ ಅಗಲವಾಗುತ್ತದೆ, ಔಷಧಿ ಹೆಚ್ಚು ಜಾಗಕ್ಕೆ ತಾಗುತ್ತದೆ, ಎಷ್ಟೋ ಕಡೆ ಹಾಗೆಯೇ ಮಾಡುತ್ತಾರೆ ಎಂದರು ಮೇಷ್ಟ್ರು. ಗುಬ್ಬಿ ಬೆಂಚಿನ ಮೇಲೆ ನೆಟ್ಟಗಾದಳು. ನಮ್ಮಲ್ಲಿ ತಲೆಯನ್ನಲ್ಲವೆ ಓರೆ ಮಾಡುವುದು?

ಹೊಸ ಕಡ್ಡಿಗಳ ಕೆಲಸದ ನಡುವೆ, ಎರಡೂ ಬದಿಯ ಸಾಲುಗಳು ಮುಗಿದಿದ್ದಾಗ, ದೊಡ್ಡಮ್ಮನ ಬಲಗೈ ಮಣಿಕಟ್ಟು ಊದಿಕೊಂಡಿತು. ಅದ್ದಬಲ್ಲಳು, ಚುಚ್ಚಬಲ್ಲಳು, ಕತ್ತರಿ ಒತ್ತಲಾರಳು. ಕತ್ತರಿ ಮೊದಲ ಸಲ ಗುಬ್ಬಿಯ ಕೈಗೆ ಬಂತು. ಅವಳು ಒಂದೊಂದು ಕಡ್ಡಿಯ ಮೊಗ್ಗು ಯಾವ ಕಡೆ ಮುಖ ಮಾಡಿದೆ ಎಂದು ನೋಡಿ, ತಲೆಯನ್ನು ನೇರವಾಗಿ, ಬುಡವನ್ನು ಓರೆಯಾಗಿ ಕತ್ತರಿಸಿ, ಅಚ್ಚುಕಟ್ಟಾಗಿ ಕಟ್ಟು ಕಟ್ಟಿ ದೊಡ್ಡಮ್ಮನ ಮೇಜಿನ ಮೇಲೆ ಜೋಡಿಸಿದಳು.

ದೊಡ್ಡಮ್ಮನಿಗೆ ಹೇಳಲಿಲ್ಲ.

ಟೀ ಕುಡಿಯುವಾಗ ಹೇಳೋಣ ಎಂದುಕೊಂಡಿದ್ದಳು. ಟೀ ಹೊತ್ತಿಗೆ ಅಣ್ಣ ಬಂದು, ಇವತ್ತು ಪ್ರೊಫೆಸರಮ್ಮನ ಕ್ಲಾಸು ಇಲ್ಲೇ ಏನೋ ಎಂದು ಕಿಚಾಯಿಸಿದ. ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಯಿತು. ನಡೆಯಲು ಕಲಿಸಿದವಳಿಗೆ ಕಡ್ಡಿ ನೆಡಲು ನಾನು ಹೇಳಿಕೊಡುವುದೇ ಎಂಬ ಅಳುಕು ಇತ್ತು. ಆದರೆ ಅಳುಕಿನ ಕೆಳಗೆ ಇನ್ನೊಂದು ಇತ್ತು. ಅದನ್ನು ಅವಳು ತನ್ನೊಳಗೇ ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಈ ಸಲ ಬೇರು ಹಿಂದೆಂದಿಗಿಂತ ದಟ್ಟವಾಗಿ ಬರಲಿ, ಅಣ್ಣ ಬೆರಗಾಗಿ ಏನಿದರ ಗುಟ್ಟು ಎಂದು ಕೇಳಲಿ, ಆಗ ಮೆಲ್ಲಗೆ ಹೇಳೋಣ ಎಂಬ ಆಸೆ. ಓರೆ ಇರುವುದು ತಲೆಗೋ ಬುಡಕ್ಕೋ ಎಂದು ದೊಡ್ಡಮ್ಮ ನೋಡೇ ನೋಡುತ್ತಾಳೆ ಎಂದುಕೊಂಡು ಅವಳು ಮಣ್ಣಿನ ಚೀಲ ಇಳಿಸಿಕೊಳ್ಳಲು ಗೇಟಿಗೆ ಹೋದಳು. ಬರುವಷ್ಟರಲ್ಲಿ ಕಟ್ಟುಗಳು ಮುಗಿದಿದ್ದವು. ಹಲಗೆಯ ಮೇಲಿನ ಚೀಲಗಳಲ್ಲಿ ಕಡ್ಡಿಗಳು ಸಾಲಾಗಿ ನಿಂತಿದ್ದವು. ಚಿಲಕವನ್ನು ಎರಡು ಸಲ ತಳ್ಳಿ ನೋಡುವವಳು ಆ ಸಾಲಿನ ಕಡೆ ಒಂದು ಸಲವೂ ಬಗ್ಗಿ ನೋಡಲಿಲ್ಲ.

ಕೈ ಊದುವ ಮೊದಲು ದೊಡ್ಡಮ್ಮನೇ ಕತ್ತರಿಸಿದ್ದ ಎರಡೂ ಬದಿಯ ಸಾಲುಗಳು ಚಿಗುರಿದವು. ಗುಬ್ಬಿಯ ಕಡ್ಡಿಗಳಿದ್ದ ನಡುವಿನ ಸಾಲುಗಳು ಚಿಗುರಲಿಲ್ಲ. ಅಣ್ಣ ದಿನಾ ಬೆಳಿಗ್ಗೆ ನೆರಳು ಪರದೆಯ ಕೆಳಗೆ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲತೊಡಗಿದ. ಬಳ್ಳಿ ಒಂದೇ, ಮಣ್ಣು ಒಂದೇ, ನೀರು ಒಂದೇ. ಬೇರೆಯಾದದ್ದು ಔಷಧಿ ಮಾತ್ರ. ನಡುವಿನ ಸಾಲುಗಳಿಗೆ ಹೊಸ ಡಬ್ಬಿ ಒಡೆದು ನೀರಿಗೆ ಬೆರೆಸಿದ್ದು ದೊಡ್ಡಮ್ಮ. ಅಳತೆ ಲೋಟದ ಗೆರೆಗಳು ಇರುವೆ ಸಾಲಿನಷ್ಟು ಸಣ್ಣ. ಅಮ್ಮನಿಗೆ ಗೆರೆ ಕಂಡಿಲ್ಲ, ಹೆಚ್ಚು ಸುರಿದಿದ್ದಾಳೆ, ಕಡ್ಡಿ ಸುಟ್ಟುಹೋಗಿವೆ ಎಂದು ಅವನು ತೀರ್ಮಾನಿಸಿದ. ಗುಬ್ಬಿಗೂ ಅದೇ ಸರಿ ಅನ್ನಿಸಿತು. ಪ್ರಮಾಣದ ಬಗ್ಗೆ ಮೇಷ್ಟ್ರು ಹೇಳಿದ್ದನ್ನು ಅಣ್ಣನಿಗೆ ವಿವರಿಸಿ, ಹೌದು, ಹೆಚ್ಚಾದರೆ ಹೀಗೇ ಆಗುತ್ತದೆ ಎಂದು ಸಾಕ್ಷಿ ಹೇಳಿದವಳು ಅವಳೇ. ಪಾಠ ಉಪಯೋಗಕ್ಕೆ ಬಂತೆಂದು ಆ ಕ್ಷಣ ಒಳಗೊಳಗೇ ಹಿಗ್ಗಿದ್ದಳು ಕೂಡ.

ಸಸಿಗೆ ಹೇಳಿಟ್ಟಿದ್ದ ತೋಟದ ಯಜಮಾನರು ಬಂದಾಗ ಅಣ್ಣ ಮುಚ್ಚುಮರೆ ಮಾಡಲಿಲ್ಲ. ಇನ್ನಷ್ಟು ಕಾಲ ಬೇಕು, ಅಮ್ಮನಿಗೆ ವಯಸ್ಸಾಯಿತು, ಕಣ್ಣು ಮಂಜು, ಅಳತೆ ತಪ್ಪಿಬಿಟ್ಟಳು ಎಂದ. ದೊಡ್ಡಮ್ಮ ಐದಾರು ಹೆಜ್ಜೆ ಆಚೆಗೆ ಚೀಲಕ್ಕೆ ಮಣ್ಣು ತುಂಬುತ್ತಿದ್ದಳು. ಯಜಮಾನರು ಸಂಕೋಚದಿಂದ ಅವಳ ಕಡೆ ತಿರುಗಿ, ಇರಲಿ ಬಿಡಿ, ಯಾರಿಗೂ ಆಗುವಂಥದ್ದೇ ಎಂದರು. ದೊಡ್ಡಮ್ಮ ನಕ್ಕಳು. ಆ ನಗು ನೋಡಲಾರದೆ ಗುಬ್ಬಿ ಪೈಪು ಸುತ್ತುವ ನೆವ ಮಾಡಿದಳು.

ಅಂದಿನಿಂದ ದೊಡ್ಡಮ್ಮ ಔಷಧಿಯ ಡಬ್ಬಿ ಮುಟ್ಟಲಿಲ್ಲ. ಆದರೆ ಅಣ್ಣ ಇಲ್ಲದಾಗ ಅಳತೆ ಲೋಟಕ್ಕೆ ಬರೀ ನೀರು ತುಂಬಿ, ಬೆಳಕಿಗೆ ಹಿಡಿದು ಎಷ್ಟಿದೆ ಎಂದು ತಾನು ಮೊದಲು ಹೇಳಿ, ಆಮೇಲೆ ಗುಬ್ಬಿಯ ಹತ್ತಿರ ತರುತ್ತಿದ್ದಳು.

“ನೋಡೇ, ಸರಿಯಾಗಿ ಹೇಳಿದ್ನಾ?”

“ಸರಿಯಾಗಿದೆ ದೊಡ್ಡಮ್ಮ.”

“ನನ್ನ ಸಮಾಧಾನಕ್ಕೆ ಹೇಳ್ಬೇಡ. ಬಗ್ಗಿ ನೋಡು.”

ಬಗ್ಗಿ ನೋಡಿದರೂ ಸರಿಯಾಗಿಯೇ ಇರುತ್ತಿತ್ತು. ಪ್ರತಿಸಲವೂ ಸರಿಯಾಗಿರುತ್ತಿತ್ತು.

ಮುಂದಿನ ಒಂದು ತರಗತಿಯಲ್ಲಿ ಮೇಷ್ಟ್ರು ಆಕ್ಸಿನ್ ನಡೆಯುವ ದಾರಿಯ ಬಗ್ಗೆ ಹೇಳಿದರು. ಕಾಂಡದಲ್ಲಿ ಅದಕ್ಕೆ ಒಂದೇ ದಿಕ್ಕು ಗೊತ್ತು, ತುದಿಯಿಂದ ಬುಡಕ್ಕೆ. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೂ ಅದು ತನ್ನ ಹಳೆಯ ಬುಡದ ಕಡೆಗೇ ಹರಿಯುತ್ತದೆ, ನಾವು ತಿರುಗಿಸಿದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಬೇರು ಬರಲು ಹವಣಿಸುವುದೂ ಅಲ್ಲೇ, ಗಾಳಿಯಲ್ಲಿ. ತೇವ ಇದ್ದರೆ ಮೇಲಿನ ತುದಿಯಲ್ಲಿ ಬಿಳಿ ಗಂಟುಗಳು ಕಾಣಿಸುವುದೂ ಉಂಟು ಎಂದು ಕಪ್ಪು ಹಲಗೆಯ ಮೇಲೆ ತಲೆಕೆಳಗಾದ ಒಂದು ಕಡ್ಡಿ ಬರೆದರು.

ಗುಬ್ಬಿ ಆ ಚಿತ್ರದ ಮೇಲಿನ ತುದಿಯನ್ನೇ ನೋಡಿದಳು. ಓರೆ ತುದಿ ಮೇಲಕ್ಕೆ. ದೊಡ್ಡಮ್ಮ ಯಾವತ್ತಿನಂತೆ ಓರೆ ತುದಿಯನ್ನು ಮೇಲಕ್ಕೇ ಇಟ್ಟಿದ್ದಾಳೆ. ಆ ತುದಿ ಈ ಸಲ ಬುಡವಾಗಿತ್ತು.

ಮರುದಿನ ಅಣ್ಣ ಬರುವ ಮುಂಚೆ ಅವಳು ನಡುವಿನ ಸಾಲಿನ ಮುಂದೆ ಕೂತಳು. ಹುಡುಕಬೇಕಾಗಿಯೇ ಇರಲಿಲ್ಲ. ಒಣಗಿದ ಕಡ್ಡಿಗಳ ನಡುವೆ ಇನ್ನೂ ಜೀವವಿದ್ದ ಒಂದೆರಡರ ಓರೆ ತುದಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗಂಟುಗಳು ಎದ್ದಿದ್ದವು. ಒಂದು ಕಡ್ಡಿ ಕಿತ್ತಳು. ಮಣ್ಣೊಳಗಿದ್ದ ಮೊಗ್ಗುಗಳು ಕೆಳಗೆ ಮುಖ ಮಾಡಿಕೊಂಡು ಕೊಳೆತಿದ್ದವು. ಔಷಧಿ ಹೆಚ್ಚಾಗಿರಲಿಲ್ಲ, ಗೆರೆ ತಪ್ಪಿರಲಿಲ್ಲ. ಮೇಲೆ ಬರಬೇಕಾದದ್ದನ್ನು ನೆಲದಲ್ಲಿ ಹೂತು, ನೆಲಕ್ಕೆ ಇಳಿಯಬೇಕಾದದ್ದನ್ನು ಗಾಳಿಯಲ್ಲಿ ನಿಲ್ಲಿಸಲಾಗಿತ್ತು. ಹಾಗೆ ಆಗುವಂತೆ ಕಟ್ಟಿ ಕೊಟ್ಟವಳು ತಾನು.

ಹಿಂದಿನಿಂದ ಅಣ್ಣ ಬಂದು ಏನು ನೋಡುತ್ತಿದ್ದೀಯ ಎಂದು ಕೇಳಿದ. ಗುಬ್ಬಿ ಕಡ್ಡಿಯನ್ನು ಏಪ್ರನ್ ಜೇಬಿಗೆ ತುರುಕಿ, ಏನಿಲ್ಲ ಎಂದಳು. ಈ ಸಾಲುಗಳನ್ನು ಇವತ್ತು ತೆರವು ಮಾಡಬೇಕು, ಆಳು ಕರೆಸುತ್ತೇನೆ ಎಂದ ಅವನು. ಬೇಡ, ನಾನೇ ಕೀಳುತ್ತೇನೆ ಎಂದಳು ಗುಬ್ಬಿ. ಪಾಪ, ಅಮ್ಮನ ತಪ್ಪನ್ನು ನಾಲ್ಕು ಜನರ ಕಣ್ಣಿಗೆ ಬೀಳಿಸಬಾರದು ಎಂದು ನೀನು ಹೀಗನ್ನುತ್ತಿದ್ದೀಯ ಎಂದು ಅವನು ಅವಳ ಬೆನ್ನು ತಟ್ಟಿದ. ಅವಳು ತಲೆ ತಗ್ಗಿಸಿದಳು. ಮಧ್ಯಾಹ್ನದೊಳಗೆ ಕಡ್ಡಿಗಳನ್ನೆಲ್ಲ ಕಿತ್ತು, ಯಾವ ತುದಿ ಯಾವುದೆಂದು ಯಾರಿಗೂ ತಿಳಿಯದಷ್ಟು ಸಣ್ಣಗೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಒಣ ಎಲೆ ಎಳೆದಳು. ಜೇಬಿನಲ್ಲಿದ್ದದ್ದನ್ನೂ ಬಿಡಲಿಲ್ಲ. ಕೈ ತೊಳೆದಳು, ಮತ್ತೆ ತೊಳೆದಳು. ಅವಳ ಜೀವನದಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇನ್ನೊಂದಿರಲಿಲ್ಲ.

ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ದಿನ ತಳ್ಳಿದಳು. ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಹೋಗುವಳು. ದೊಡ್ಡಮ್ಮ ಲೋಟ ಹಿಡಿದು ಬರುವಳು. ಸರಿಯಾಗಿದೆ ದೊಡ್ಡಮ್ಮ ಎನ್ನುವಳು, ಅಷ್ಟೇ. ಅಣ್ಣ ಪ್ರೊಫೆಸರಮ್ಮ ಎಂದು ಕರೆದರೆ ಕೇಳಿಸದವಳಂತೆ ಆಚೆ ಹೋಗುವಳು. ದೊಡ್ಡಮ್ಮನೋ, ಒಲೆ ಆರಿಸಿದೆನಾ ಎಂದು ಅಡುಗೆಮನೆಗೆ ಹೋಗಿ ನೋಡುವುದು, ಹೇಳಿದ ಮಾತನ್ನು ಮೊದಲೇ ಹೇಳಿದ್ದೆನಾ ಎಂದು ಕೇಳುವುದು ಶುರುಮಾಡಿದ್ದಳು. ಮನೆಯಲ್ಲಿ ಎರಡನೇ ಗುಬ್ಬಿ ಹುಟ್ಟಿದಂತಾಯಿತು ಎಂದು ಅಣ್ಣ ನಗಾಡಿದ.

ಕೊನೆಗೆ ಅಣ್ಣನೇ ಕಣ್ಣಿನ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿದ. ಕರೆದುಕೊಂಡು ಹೋಗುವ ಕೆಲಸ ಗುಬ್ಬಿಗೆ ಬಂತು. ಕತ್ತಲೆ ಕೋಣೆಯಲ್ಲಿ ದೊಡ್ಡಮ್ಮ ಗಲ್ಲವನ್ನು ಯಂತ್ರದ ಮೇಲಿಟ್ಟು ಕೂತಳು. ಗೋಡೆಯ ಮೇಲಿನ ಅಕ್ಷರಗಳನ್ನು ಪರೀಕ್ಷೆಗೆ ಕೂತ ಮಗುವಿನಂತೆ ಒಂದೊಂದಾಗಿ ಓದಿದಳು. ಕೊನೆಯ ಸಾಲನ್ನೂ ಓದಿದಳು. ಡಾಕ್ಟರು ದೀಪ ಹಾಕಿ, ಪೊರೆ ಇಲ್ಲ, ಈಗಿರುವ ಕನ್ನಡಕವೇ ಸಾಕು, ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ ಎಂದರು. ಸಂತೋಷಪಡುತ್ತಾಳೆ ಎಂದುಕೊಂಡು ಗುಬ್ಬಿ ಪಕ್ಕಕ್ಕೆ ನೋಡಿದಳು. ದೊಡ್ಡಮ್ಮನ ಮುಖ ಸುಣ್ಣದಂತಾಗಿತ್ತು.

ದೊಡ್ಡಮ್ಮ ಹೊರಗೆ ಬಂದಳು. ಬೀಗದ ಅಂಗಡಿ ದಾಟಿ, ಔಷಧಿ ಅಂಗಡಿ ದಾಟಿ, ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಕೂತಳು.

“ಕಣ್ಣು ಸರಿ ಇದೆಯಂತೆ,” ಎಂದಳು. “ಅಂದ್ರೆ ಹೋಗಿರೋದು ತಲೆ.”

“ಹಾಗನ್ಬೇಡ ದೊಡ್ಡಮ್ಮ.”

“ಮತ್ತೇನು? ಗೆರೆ ಕಾಣತ್ತೆ, ಆದ್ರೂ ತಪ್ಪಾಗಿ ಸುರಿದಿದ್ದೀನಿ. ಸುರಿದದ್ದು ನೆನಪೂ ಇಲ್ಲ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನನ್ನೇ ಯಾರು ನೀನು ಅಂತ ಕೇಳ್ತಿದ್ಲು.” ಅವಳು ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವು ಬೇರೆ ಯಾರವೋ ಎಂಬಂತೆ ನೋಡುತ್ತಿದ್ದಳು. “ನಿಮ್ಮಣ್ಣಂಗೆ ಈಗ್ಲೇ ಹೇಳ್ಬೇಡ. ನಾನೇ ಕೆಲಸ ಬಿಡ್ತೀನಿ. ಔಷಧಿ ಇರೋ ಜಾಗದಲ್ಲಿ ನಾನಿರೋದು ಒಳ್ಳೇದಲ್ಲ.”

ಗುಬ್ಬಿ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ಬೇರೆಯೇ.

“ತಲೆ ನಿಂದಲ್ಲ ಹೋಗಿರೋದು. ನಾನು ಕಡ್ಡಿಗಳಿಗೆ ಓರೆ ಕಚ್ಚನ್ನ ಬುಡಕ್ಕೆ ಹಾಕಿದ್ದೆ. ನಿಂಗೆ ಹೇಳ್ಲಿಲ್ಲ.”

ದೊಡ್ಡಮ್ಮನಿಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಅವಳ ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳಿನ ಮೇಲೆ ಜಾರಿತು, ಅಲ್ಲಿ ಒಂದು ಕಡ್ಡಿ ಇದ್ದಂತೆ. ನಿಧಾನವಾಗಿ ಕಡ್ಡಿಯನ್ನು ತಿರುಗಿಸಿದಂತೆ ಮಾಡಿದಳು.

“ತಲೆಕೆಳಗಾಗಿ ನೆಟ್ಟೆ ನಾನು.”

“ಹೂಂ.”

“ಬುಡಕ್ಕೆ ಯಾಕೆ ಹಾಕ್ದೆ?”

ಗುಬ್ಬಿ ತಡವರಿಸುತ್ತಾ ಮೇಷ್ಟ್ರು ಹೇಳಿದ್ದನ್ನು ಹೇಳಿದಳು. ಅಗಲ ಗಾಯ, ಹೆಚ್ಚು ಔಷಧಿ, ದಟ್ಟ ಬೇರು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು, ಸರಿಯಾಗೇ ಹೇಳಿದ್ದಾರೆ, ಒಳ್ಳೆಯದೇ ಇರಬಹುದು ಎಂದಳು. ತಾನು ಒಂದು ಕಡ್ಡಿಯನ್ನಾದರೂ ಕಣ್ಣಿಟ್ಟು ನೋಡಿದ್ದರೆ ಮೊಗ್ಗು ಕೆಳಗೆ ಮುಖ ಮಾಡಿದ್ದು ತಿಳಿಯುತ್ತಿತ್ತು ಎಂದಳು. ನಡುವೆ ಒಂದು ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ಏಳಲಿಲ್ಲ.

“ನೀನು ಕಟ್ಟಿದ್ದು ಅಂತ ನಾನು ನೋಡ್ಲಿಲ್ಲ ಕಣೆ.”

ಬೈದಿದ್ದರೆ ಚೆನ್ನಾಗಿತ್ತು. ಗುಬ್ಬಿ ಅಳತೊಡಗಿದಳು. ದೊಡ್ಡಮ್ಮ ಸಮಾಧಾನ ಮಾಡಲಿಲ್ಲ. ಅವಳು ಬೇರೇನನ್ನೋ ಲೆಕ್ಕ ಹಾಕುತ್ತಿದ್ದಳು. ಗುಬ್ಬಿ ಹೆದರಿಕೊಂಡಿದ್ದ ಪ್ರಶ್ನೆ ಬಂದೇ ಬಂತು.

“ಯಾವಾಗ ಗೊತ್ತಾಯ್ತು ನಿಂಗೆ?”

“ಕಡ್ಡಿ ಕೀಳೋಕೆ ಮುಂಚೆ.”

“ಅಂದ್ರೆ ಆಮೇಲೆ ನಾನು ಆ ಲೋಟ ಹಿಡ್ಕೊಂಡು ನಿನ್ನ ಹಿಂದೆ ಹಿಂದೆ ಬರ್ತಿದ್ದಾಗ…”

“ಗೊತ್ತಿತ್ತು.”

ದೊಡ್ಡಮ್ಮ ಎದ್ದಳು. ಮುಂದಿನ ಬಸ್ಸಿನಲ್ಲಿ ಜಾಗ ಇದ್ದರೂ ಗುಬ್ಬಿಯ ಪಕ್ಕ ಕೂರದೆ ಮುಂದಿನ ಸೀಟಿಗೆ ಹೋದಳು. ಇಳಿದ ಮೇಲೂ ನರ್ಸರಿಯ ಗೇಟಿನವರೆಗೆ ಮುಂದೆಯೇ ನಡೆದಳು. ಗೇಟಿನ ಹತ್ತಿರ ಮಾತ್ರ ನಿಂತು, ಹಿಂದಿರುಗಿ ನೋಡದೆ, ಅವನಿಗೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಎಂದಳು.

ಅಣ್ಣ ಶೆಡ್ಡಿನಲ್ಲಿ ಖಾಲಿ ಟ್ರೇಗಳನ್ನು ಒಂದರ ಮೇಲೊಂದು ಇಡುತ್ತಿದ್ದ. ಕಣ್ಣಿನ ವಿಷಯ ಏನಾಯಿತು ಎಂದು ಕೇಳಿದವನಿಗೆ ಗುಬ್ಬಿ ಮೊದಲಿನಿಂದ ಹೇಳಿದಳು. ಕಚ್ಚಿನ ವಿಷಯ ಕೇಳಿ ಅವನಿಗೆ ನಗು ಬಂತು. ಗೊಬ್ಬರದ ಗುಂಡಿಯ ವಿಷಯಕ್ಕೆ ಬಂದಾಗ ನಗು ನಿಂತಿತು. ಬೆನ್ನು ತಟ್ಟಿದ್ದು ನೆನಪಾಗಿರಬೇಕು, ತನ್ನ ಅಂಗೈ ನೋಡಿಕೊಂಡ. ಆಮೇಲೆ ಅಮ್ಮನ ಕಡೆ ತಿರುಗಿ, ತೋಟದ ಯಜಮಾನರಿಗೆ ಫೋನ್ ಮಾಡಿ ನಿಜ ಹೇಳುತ್ತೇನೆ ಎಂದ.

“ನೀನಲ್ಲ,” ಎಂದಳು ದೊಡ್ಡಮ್ಮ. “ಅವಳು ಮಾಡ್ಲಿ.”

ಗುಬ್ಬಿ ಅಲ್ಲೇ ನಿಂತು ಫೋನ್ ಮಾಡಿದಳು. ಯಜಮಾನರು ಎರಡು ಸಲ ಕೇಳಿ ತಿಳಿದುಕೊಂಡು, ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ ಎಂದಷ್ಟೇ ಹೇಳಿ ಇಟ್ಟರು. ಅಣ್ಣ ಆಮೇಲೆ ಅವಳನ್ನು ಬೈಯಲಿಲ್ಲ, ಪ್ರೊಫೆಸರಮ್ಮ ಎಂದೂ ಕರೆಯಲಿಲ್ಲ. ಕರೆದಿದ್ದರೆ ಸಾಕಿತ್ತು ಎನ್ನಿಸಿತು ಗುಬ್ಬಿಗೆ.

ಹೊಸ ಬಳ್ಳಿ ಬಂದಾಗ ಕತ್ತರಿಯನ್ನು ಅಣ್ಣನ ಮುಂದಿಟ್ಟು ಗುಬ್ಬಿ ದೂರ ನಿಂತಳು. ದೊಡ್ಡಮ್ಮನ ಮಣಿಕಟ್ಟಿಗೆ ಇನ್ನೂ ಪಟ್ಟಿ ಇತ್ತು. ಅವಳು ಕತ್ತರಿಯನ್ನು ಎತ್ತಿ ಗುಬ್ಬಿಯ ಕಡೆಗೇ ನೂಕಿ, ನಿಮ್ಮ ಮೇಷ್ಟ್ರು ಹೇಳಿದ ಹಾಗೇ ಮಾಡು, ಓರೆ ಬುಡಕ್ಕೆ ಬರಲಿ, ಇನ್ನು ಮೇಲೆ ಇಲ್ಲಿ ಅದೇ ಪದ್ಧತಿ ಎಂದಳು. ಕ್ಷಮಿಸಿದಳೇನೋ ಎಂದು ಗುಬ್ಬಿಯ ಜೀವ ಹಗುರವಾಯಿತು. ಮೊಗ್ಗು ನೋಡಿ, ಮತ್ತೊಮ್ಮೆ ನೋಡಿ ಕತ್ತರಿಸಿದಳು. ಕಟ್ಟು ಕಟ್ಟಿ ಮೇಜಿನ ಮೇಲಿಟ್ಟು, ಓರೆ ಈ ಕಡೆ ಇದೆ ದೊಡ್ಡಮ್ಮ ಎಂದು ಬಾಯಿಬಿಟ್ಟು ಹೇಳಿದಳು.

ದೊಡ್ಡಮ್ಮ ಔಷಧಿಯ ಡಬ್ಬಿ ತೆರೆದಳು, ಅಳೆದಳು, ಯಾರನ್ನೂ ಕೇಳದೆ ನೀರಿಗೆ ಸುರಿದು ಕಲಕಿದಳು. ಆಮೇಲೆ ಕಟ್ಟನ್ನು ಕೈಗೆತ್ತಿಕೊಂಡು, ಅದ್ದಲಿಲ್ಲ. ಹಗ್ಗ ಬಿಚ್ಚಿದಳು. ಕಡ್ಡಿಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಸರಿಮಾಡಿಕೊಂಡು, ಒಂದೊಂದನ್ನೇ ಬೆಳಕಿಗೆ ಹಿಡಿದು ಮೊಗ್ಗಿನ ಮುಖ ನೋಡಿ ಪಕ್ಕಕ್ಕಿಡತೊಡಗಿದಳು. ಎರಡನೇ ಕಟ್ಟನ್ನೂ ಬಿಚ್ಚಿದಳು. ಮೊದಲಾದರೆ ಈ ಹೊತ್ತಿಗೆ ಮಾತಾಡುತ್ತಾ ಅರ್ಧ ಸಾಲು ನೆಟ್ಟಿರುತ್ತಿದ್ದಳು.

ಗುಬ್ಬಿ ಮೇಜಿನ ಈಚೆ ಕತ್ತರಿ ಹಿಡಿದು ನಿಂತಿದ್ದಳು. ಬಹಳ ಹೊತ್ತಿನ ಮೇಲೆ, ತಡೆಯಲಾರದೆ, ಎಲ್ಲಾ ಸರಿ ಇದ್ಯಾ ಎಂದು ಕೇಳಿದಳು.

“ಇನ್ನೂ ನೋಡ್ತಾ ಇದ್ದೀನಿ,” ಎಂದಳು ದೊಡ್ಡಮ್ಮ.